ಮಳೆಯಲ್ಲಿ ನಿಂತವರಿಗೆ ಬಾಗಿಲು ತೆಗೆಯಬಾರದಂತೆ

ವಿಯೆನ್ನಾದ ಅರಮನೆ ಹೇಗಿತ್ತು, ಸಂಗೀತ ಕೇಳಿದಿರಾ, ಹಿಮ ಬಿತ್ತಾ ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ: ಗೊತ್ತಿಲ್ಲ. ಅರಮನೆಯ ಮುಂದೆ ಟ್ರಾಮಿನಲ್ಲಿ ಹಾದುಹೋದೆ, ಅಷ್ಟೇ. ಆ ದೇಶದಲ್ಲಿ ನನಗೆ ನೆನಪಿರುವುದು ಒಂದು ಬಾಗಿಲು. ಅದರ ಸುದ್ದಿ ಎತ್ತಿದರೆ ಈಗಲೂ ಮೈ ಉರಿಯುತ್ತದೆ. ನಮ್ಮನೆಯವರು "ಹೋಗ್ಲಿ ಬಿಡೆ" ಎನ್ನುತ್ತಾರೆ. ಬಿಡುವುದಿಲ್ಲ, ಬರೆದೇ ತೀರುತ್ತೇನೆ.

ಕಳಸ, ಹೊರಡುವ ಮೊದಲು

ಹೋದದ್ದು ಯಾಕೆ ಎಂದು ಮೊದಲು ಹೇಳಬೇಕು. ಇಲ್ಲದಿದ್ದರೆ ಈ ಹೆಂಗಸು ಯಾಕೆ ಹೀಗೆ ಕೂಗಾಡುತ್ತಿದ್ದಾಳೆ ಎಂದು ನಿಮಗೆ ತಿಳಿಯುವುದಿಲ್ಲ.

ನಾನು ಮೂಡಿಗೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಚಿಕ್ಕಮಗಳೂರಿನಿಂದ ಕಳಸದ ಮೇಲೆ ಹಾದು ಕರಾವಳಿಗೆ ಇಳಿಯುವ ಒಂದು ಕ್ವಾಂಟಂ ಲೈನು ಹಾಕುವ ಯೋಜನೆ ಬಂತು. ಬ್ಯಾಂಕು, ಆಸ್ಪತ್ರೆ, ಸರ್ಕಾರದ ಗುಟ್ಟಿನ ಮಾತುಗಳಿಗೆ ಬೀಗ ಹಾಕುವ ಕೀಲಿಯನ್ನು ಬೆಳಕಿನ ಕಣಗಳ ಮೇಲೆ ಹೊರಿಸಿ ಕಳಿಸುವ ಲೈನು. ಊರಿನವರಿಗೆ ತಿಳಿಸಿ ಹೇಳಲು ಯಾರಾದರೂ ಬೇಕಲ್ಲ, ನನ್ನನ್ನು ಸಲಹೆಗಾರ್ತಿ ಎಂದು ಸೇರಿಸಿಕೊಂಡರು.

ನಾನು ಮೊದಲು ತಿಳಿಸಿ ಹೇಳಬೇಕಾಗಿ ಬಂದದ್ದು ಮಂಜೇಗೌಡರಿಗೆ. ಕಳಸದ ಹತ್ತಿರ ಅವರದ್ದು ಚಿಕ್ಕ ಕಾಫಿ ತೋಟ. ರಸ್ತೆ ಬದಿಗೇ ಅವರ ಗೋಡೌನು. ಲೈನಿನ ನಡುವಿನ ನಿಲ್ದಾಣಕ್ಕೆ ಆ ಗೋಡೌನಿನ ಅರ್ಧ ಭಾಗ ಕೊಡಲು ಒಪ್ಪಿದ್ದರು.

"ಅಲ್ಲ ಮೇಡಂ, ಬೆಳಕಿನಲ್ಲಿ ಕಳಿಸಿದ್ರೆ ಕಳ್ಳರು ನೋಡಲ್ವಾ?" ಎಂದು ಕೇಳಿದರು.

"ಕಣದಲ್ಲಿ ಭತ್ತದ ರಾಶಿ ಮೇಲೆ ಬೂದಿ ಗೆರೆ ಎಳೀತಿದ್ರಲ್ಲ ಗೌಡ್ರೇ, ಯಾರಾದ್ರೂ ಒಂದು ಬೊಗಸೆ ತೆಗೆದ್ರೂ ಗೆರೆ ಕದಡ್ತಿತ್ತು. ಇದೂ ಹಂಗೇ. ನಡುವೆ ಯಾರು ಇಣುಕಿದ್ರೂ ಆ ಬೆಳಕಿನ ಕಣ ಕೆಡುತ್ತೆ, ಎರಡೂ ಕಡೆಯವ್ರಿಗೆ ಗೊತ್ತಾಗುತ್ತೆ. ಆ ಕೀಲಿ ಬಿಸಾಕಿ ಹೊಸದು ಮಾಡ್ಕೊಳ್ತಾರೆ."

"ಹಂಗಾದ್ರೆ ನಡುವೆ ನನ್ನ ಗೋಡೌನ್ ಯಾಕೆ?"

ಅಲ್ಲೇ ಇರುವುದು ಕಷ್ಟ. ಮಾಮೂಲಿ ಲೈನಿನಲ್ಲಿ ಬೆಳಕು ಸೋತರೆ ದಾರಿಯಲ್ಲಿ ಹಿಗ್ಗಿಸಿ ಮುಂದೆ ಕಳಿಸಬಹುದು. ಈ ಕಣವನ್ನು ಹಾಗೆ ಹಿಗ್ಗಿಸಲು ಹೋದರೂ ಕೆಡುತ್ತದೆ. ಉಪಗ್ರಹದಿಂದ ಕಳಿಸೋಣವೆಂದರೆ ನಮ್ಮಲ್ಲಿ ಮಳೆಗಾಲ ಪೂರ್ತಿ ಮೋಡ. ಆದ್ದರಿಂದ ದೂರದ ಊರುಗಳನ್ನು ಸೇರಿಸಬೇಕಾದರೆ ನಡುನಡುವೆ ಒಂದೊಂದು ಕೋಣೆ ಬೇಕು. ಕೀಲಿ ಅಲ್ಲಿಯವರೆಗೆ ಬಂದು, ಅಲ್ಲಿ ಬಯಲಾಗಿ, ಹೊಸ ಬೀಗ ಹಾಕಿಕೊಂಡು ಮುಂದಕ್ಕೆ ಹೋಗುತ್ತದೆ. ಲೈನು ಉದ್ದವಾದಷ್ಟೂ ಕೋಣೆಗಳು ಹೆಚ್ಚು. ಅಂಥ ಕೋಣೆಗೆ ಯೋಜನೆಯವರು ಇಟ್ಟ ಹೆಸರು ನಂಬಿಕೆಯ ನಿಲ್ದಾಣ.

"ಆ ಕೋಣೇಲಿ ಇರೋನೇ ಕಳ್ಳ ಆದ್ರೆ?"

"ಕತೆ ಮುಗೀತು."

ಗೌಡರ ಮುಖ ಅರಳಿತು. "ಅಂದ್ರೆ ಇಷ್ಟೆಲ್ಲ ಕಸರತ್ತು ಮಾಡಿ ಕೊನೆಗೆ ನನ್ನ ಕೈಗೆ ಕೊಡ್ತಾರೆ ಅಂತಾಯ್ತು!"

ಕೊಡುವುದು ಅವರ ಕೈಗೇ. ನಿಲ್ದಾಣದ ಪಾಲಕ ಎಂದು ಅವರ ಹೆಸರೇ ನಿಗದಿಯಾಗಿತ್ತು. ಯಂತ್ರ ಕೊಡುವವರು ವಿಯೆನ್ನಾ ಕಡೆಯವರು, ಅಲ್ಲಿ ಹೋಗಿ ತರಬೇತಿ ಮುಗಿಸಿ ಬಂದರೆ ಕೆಲಸ ಖಾಯಂ. ಮಾತು ತಿಳಿಸಲು ಜೊತೆಗೆ ನಾನು. ಗೌಡರು ಪಂಚಾಯಿತಿ ಚುನಾವಣೆಗೆ ನಿಂತು ಸೋತವರು. ಇನ್ನೊಂದು ಸಲ ನಿಂತು ಇನ್ನೂ ಹೀನಾಯವಾಗಿ ಸೋತವರು. ಊರಿನವರು ಪ್ರೀತಿಯಿಂದ ಮಾತಾಡಿಸುತ್ತಾರೆ, ವೋಟು ಮಾತ್ರ ಬೇರೆಯವರಿಗೆ ಹಾಕುತ್ತಾರೆ. ಈಗ ಎಲ್ಲಿಂದಲೋ ಬಂದವರು ಕಾಗದದ ಮೇಲೆ ನಿಮ್ಮನ್ನು ನಂಬುತ್ತೇವೆ ಎಂದು ಬರೆದುಕೊಟ್ಟಿದ್ದರು. ಅವರು ಇಡೀ ಕಳಸದ ಪೇಟೆಗೆ ಸುದ್ದಿ ಹೇಳಿಕೊಂಡು ಬಂದರು. ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಅಲ್ಲಿಯ ಅಂಗಡಿಯವರಿಗೂ ಹೇಳಿದರು. ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ವಿಯೆನ್ನಾ

ಹೋಗಿ ಇಳಿದದ್ದು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿವೆ. ಗೌಡರ ಸೂಟ್‌ಕೇಸು ಬೇರೆ ಯಾವುದೋ ಊರಿಗೆ ಹೋಗಿತ್ತು. ಹಲ್ಲುಜ್ಜುವ ಬ್ರಷ್ ಕೊಳ್ಳೋಣವೆಂದು ಇಬ್ಬರೂ ಬೀದಿ ಬೀದಿ ಅಲೆದೆವು. ಇಷ್ಟು ದೊಡ್ಡ ರಾಜಧಾನಿಯಲ್ಲಿ ಭಾನುವಾರ ಒಂದು ಬ್ರಷ್ ಸಿಕ್ಕುವುದಿಲ್ಲವೆಂದರೆ! ನಮ್ಮ ಬೆಟ್ಟದ ಮೂಲೆಯ ಅತ್ತಿಗುಂಡಿಯಂಥ ಅತ್ತಿಗುಂಡಿಯಲ್ಲೂ ಅಂಗಡಿಯವನನ್ನು ಮನೆಯಿಂದ ಕರೆದು ಬಾಗಿಲು ತೆಗೆಸಬಹುದು.

ಆದರೆ ಒಂದು ವಿಚಿತ್ರ ನೋಡಿದೆವು. ರಸ್ತೆ ಬದಿಯ ಕಂಬಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಅದರೊಳಗೆ ಆ ದಿನದ ಪೇಪರುಗಳನ್ನು ಇಟ್ಟಿದ್ದರು. ಪಕ್ಕದಲ್ಲಿ ಕಾಸು ಹಾಕಲು ಒಂದು ಚಿಕ್ಕ ಡಬ್ಬಿ. ಮಾರುವವರು ಇಲ್ಲ, ಕಾಯುವವರೂ ಇಲ್ಲ. ಬಂದವರು ಕಾಸು ಹಾಕಿ ಪೇಪರು ತೆಗೆದುಕೊಂಡು ಹೋಗುತ್ತಿದ್ದರು. ಟ್ರಾಮಿಗೂ ಹಾಗೇ. ಟಿಕೆಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ.

"ಇವ್ರು ಒಳ್ಳೆ ಜನ ಮೇಡಂ," ಎಂದರು ಗೌಡರು. "ನಂಬಿಕೆ ಮೇಲೇ ಊರು ನಡೀತಿದೆ."

ಹಾಗೆಂದು ಹೇಳಿ ರಸ್ತೆ ದಾಟಿದರು. ಕೆಂಪು ದೀಪ ಉರಿಯುತ್ತಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ, ಆದರೂ ಅಲ್ಲಿ ನಿಂತಿದ್ದ ಏಳೆಂಟು ಜನ ಕಂಬಗಳ ಹಾಗೆ ನಿಂತೇ ಇದ್ದರು. ಕೈಯಲ್ಲಿ ನಾಯಿ ಹಿಡಿದಿದ್ದ ಒಬ್ಬ ಹೆಂಗಸು ಗೌಡರನ್ನು ನೋಡಿ ಬೈಯತೊಡಗಿದಳು. ಅವರು ಆ ಕಡೆ ಮುಟ್ಟಿ ತಿರುಗಿ ನೋಡಿ, ಇವರೆಲ್ಲ ಸಿಟ್ಟಾಗಿದ್ದಾರೆಂದು ತಿಳಿದು, ಪಾಪ, ಮತ್ತೆ ಕೆಂಪು ದೀಪದಲ್ಲೇ ವಾಪಸು ಬಂದರು. ಆಗಂತೂ ನಾಯಿಯೂ ಬೊಗಳಿತು.

ಕಾಫಿಯ ವಿಚಾರ ಹೇಳದಿದ್ದರೆ ನಮ್ಮ ಕಡೆಯವರು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಬೆಳ್ಳಿಯ ಹಾಗೆ ಹೊಳೆಯುವ ತಟ್ಟೆಯಲ್ಲಿ ಕಾಫಿ, ಜೊತೆಗೆ ಒಂದು ಲೋಟ ನೀರು, ಆ ಲೋಟದ ಮೇಲೆ ಮಗುಚಿಟ್ಟ ಚಮಚ. ತಂದಿಟ್ಟವನ ಮುಖ ನೋಡಿದರೆ ನಾವು ಅವನ ಆಸ್ತಿ ಕೇಳಲು ಬಂದಿದ್ದೇವೆ ಎನ್ನಬೇಕು. ಗೌಡರು ಒಂದು ಗುಟುಕು ಕುಡಿದು, "ಬೀಜ ಚೆನ್ನಾಗಿದೆ, ಹುರಿದೋನು ಯಾರದ್ದೋ ಸಿಟ್ಟು ಇದ್ರ ಮೇಲೆ ತೀರಿಸ್ಕೊಂಡಿದ್ದಾನೆ," ಎಂದರು. ಅವರ ಕೈಚೀಲದಲ್ಲಿ ಪುಣ್ಯಕ್ಕೆ ಮನೆಯ ಪುಡಿ ಮತ್ತು ಹಿತ್ತಾಳೆಯ ಫಿಲ್ಟರ್ ಇದ್ದವು. ಅವತ್ತಿನಿಂದ ನಾವು ಹೊರಗೆ ಕಾಫಿ ಕುಡಿಯಲಿಲ್ಲ.

ಬೆಟ್ಟದ ಮೇಲಿನ ನಿಲ್ದಾಣ

ತರಬೇತಿ ಇದ್ದದ್ದು ನಗರದಿಂದ ದೂರ, ಬೆಟ್ಟದ ಒಂದು ಚಿಕ್ಕ ಊರಿನಲ್ಲಿ. ಊರ ಹೊರಗೆ ಬಯಲಿನಲ್ಲಿ ಸಿಮೆಂಟಿನ ಒಂದು ಪೆಟ್ಟಿಗೆ. ಕಿಟಕಿ ಇಲ್ಲ, ಸೂರು ಮುಂದಕ್ಕೆ ಒಂದು ಗೇಣೂ ಚಾಚಿಲ್ಲ. ಗೋಡೆ ಎಲ್ಲಿ ಮುಗಿಯುತ್ತದೋ ಮಾಡೂ ಅಲ್ಲೇ ಮುಗಿಯುತ್ತದೆ. ಅದೇ ಅವರ ನಂಬಿಕೆಯ ನಿಲ್ದಾಣ. ಒಳಗೆ ಕಬ್ಬಿಣದ ಕಪಾಟಿನಂಥ ಯಂತ್ರಗಳು ಗುಂಯ್ ಎನ್ನುತ್ತಿದ್ದವು.

ನಮಗೆ ಕಲಿಸುತ್ತಿದ್ದವನು ಮಾರ್ಟಿನ್ ಎಂಬ ಇಂಜಿನಿಯರು. ತಾಳ್ಮೆಯವನು, ನಗುಮುಖದವನು. ಅವನ ಮೇಲೆ ನನಗೆ ಆಗ ಏನೂ ಸಿಟ್ಟಿರಲಿಲ್ಲ. ಮೊದಲ ದಿನವೇ ಅವನು ಹೇಳಿದ ನಿಯಮ ಒಂದೇ: ಕಾರ್ಡ್ ಇಲ್ಲದವರಿಗೆ ಬಾಗಿಲು ತೆಗೆಯಬಾರದು, ಏನೇ ಆಗಲಿ. ಗೌಡರು ಅದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಊಟದ ಮೇಜಿನಲ್ಲೂ ಹೇಳಿಕೊಳ್ಳುತ್ತಿದ್ದರು. ಯಂತ್ರದ ಪರೀಕ್ಷೆ ಎಲ್ಲ ಮುಗಿಸಿದರು. ಎಚ್ಚರಿಕೆಯ ದೀಪ ಹತ್ತಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಒಂದೂ ತಪ್ಪಲಿಲ್ಲ.

ಕಾವಲಿನ ಸರದಿ ಬಂದ ದಿನ ಬೆಳಿಗ್ಗೆಯಿಂದ ಮಳೆ. ಎಲುಬು ಕೊರೆಯುವ ಚಳಿಯ ಮಳೆ. ಒಳಗೆ ಗೌಡರು ಮತ್ತು ನಾನು. ಕರೆಗಂಟೆ ಸದ್ದಾಯಿತು. ಬಾಗಿಲ ಪಕ್ಕದ ಪರದೆಯಲ್ಲಿ ನೋಡಿದರೆ ಒಬ್ಬಳು ಮುದುಕಿ, ತಲೆಗೆ ವಸ್ತ್ರ, ಕೈಯಲ್ಲಿ ಬಟ್ಟೆ ಚೀಲ. ಪೂರ್ತಿ ತೊಯ್ದು ತೊಪ್ಪೆಯಾಗಿದ್ದಳು.

"ಕಾರ್ಡ್ ಇದೆಯಾ ಕೇಳಿ ಗೌಡ್ರೇ," ಎಂದೆ.

ಕೇಳಿದರು. ಆಕೆ ಜರ್ಮನ್‌ನಲ್ಲಿ ಏನೋ ಹೇಳಿ, ಚೀಲ ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. ಒರಗಿದರೂ ಪ್ರಯೋಜನವಿಲ್ಲ, ನೀರು ನೇರ ತಲೆಯ ಮೇಲೇ ಸುರಿಯುತ್ತಿತ್ತು.

"ನಡುಗ್ತಿದ್ದಾರೆ ಮಾರಾಯ್ರೆ," ಎಂದರು ಗೌಡರು. ನನ್ನ ಮುಖ ನೋಡಿದರು. ನಾನು ನಿಯಮ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಕಡೆ ಮಳೆಯಲ್ಲಿ ಬಂದು ನಿಂತವರನ್ನು ಮೊದಲು ಒಳಗೆ ಕರೆಯುತ್ತೇವೆ. ನೀವು ಯಾವ ಊರಿನವರು, ಯಾರ ಪೈಕಿ ಎಂದು ಕೇಳುವುದು ತಲೆ ಒರೆಸಿಕೊಂಡ ಮೇಲೆ. ಗೌಡರು ಬಾಗಿಲು ತೆಗೆದರು. ನಾನೇ ಕುರ್ಚಿ ಎಳೆದು ಹಾಕಿದೆ. ನನ್ನ ಟವಲ್ಲನ್ನೂ ಕೊಟ್ಟೆ. ಗೌಡರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದಳು, ಇನ್ನೂ ಸ್ವಲ್ಪ ಎಂದು ಸನ್ನೆ ಮಾಡಿ ಮತ್ತೆ ಕುಡಿದಳು. ಮಳೆ ನಿಂತ ಮೇಲೆ ಗೌಡರ ಕೈ ಕುಲುಕಿ ಹೋದಳು. ನಮಗಿಬ್ಬರಿಗೂ ಅವತ್ತು ಮಧ್ಯಾಹ್ನದವರೆಗೆ ತುಂಬ ಖುಷಿಯಾಗಿತ್ತು.

ಸಭೆ

ಮಧ್ಯಾಹ್ನ ಕರೆದರು. ಮಾರ್ಟಿನ್ ಇದ್ದ, ಅವನ ಮೇಲಿನವರು ಇಬ್ಬರಿದ್ದರು, ಬೆಂಗಳೂರಿನ ಯೋಜನಾಧಿಕಾರಿ ಪರದೆಯ ಮೇಲೆ ಕಾಣುತ್ತಿದ್ದರು. ಗೋಡೆ ಪಕ್ಕದ ಕುರ್ಚಿಯಲ್ಲಿ ಆ ಮುದುಕಿ. ಈಗ ತಲೆಗೆ ವಸ್ತ್ರವಿರಲಿಲ್ಲ, ಕೂದಲು ಒಪ್ಪವಾಗಿ ಬಾಚಿತ್ತು. ಅವಳ ಹೆಸರು ಹೆಲ್ಗಾ, ಇಂಥ ಪರೀಕ್ಷೆಗಳಿಗೆಂದೇ ಇಟ್ಟುಕೊಂಡ ನಟಿ ಎಂದು ಪರಿಚಯ ಮಾಡಿಕೊಟ್ಟರು.

ಆಮೇಲೆ ಗೋಡೆಯ ಮೇಲೆ ಚಿತ್ರ ತೋರಿಸಿದರು. ಗೌಡರು ಬಾಗಿಲು ತೆಗೆಯುವುದು. ಗೌಡರು ಫ್ಲಾಸ್ಕ್ ತರಲು ತಿರುಗುವುದು. ಹೆಲ್ಗಾ ಕುರ್ಚಿಯಿಂದ ಕೈ ಚಾಚಿ ಯಂತ್ರದ ಬೆನ್ನಿಗೆ ಒಂದು ಕೆಂಪು ಚೀಟಿ ಅಂಟಿಸುವುದು. ಕುಂಕುಮದ ಬೊಟ್ಟಿನಷ್ಟು ಚೀಟಿ. ಅದು ಕದಿಯುವ ಸಾಧನವಾಗಿದ್ದರೆ ಇಡೀ ಲೈನಿನ ಗುಟ್ಟು ಹೋಗುತ್ತಿತ್ತು ಎಂದು ಮಾರ್ಟಿನ್ ವಿವರಿಸಿದ. ಎಲ್ಲರೂ ಗೌಡರನ್ನೇ ನೋಡುತ್ತಿದ್ದರು. ಅವರು ಅಂಗಿಯ ಗುಂಡಿ ತಿರುವುತ್ತ ಕೂತಿದ್ದರು.

"ಮಳೇಲಿ ನಿಂತಿದ್ರಲ್ಲ," ಎಂದರು ಮೆಲ್ಲಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ.

ನನಗೆ ಪಿತ್ತ ನೆತ್ತಿಗೇರಿತು. "ಟವಲ್ ಕೊಟ್ಟವಳು ನಾನು. ನನ್ನ ಹೆಸರನ್ನೂ ಬರೆದುಕೊಳ್ಳಿ," ಎಂದೆ.

"ನೀವು ಅಭ್ಯರ್ಥಿ ಅಲ್ಲ, ಮೇಡಂ," ಎಂದ ಮಾರ್ಟಿನ್.

"ನಾಚಿಕೆಯಾಗುವುದಿಲ್ಲವೇ ನಿಮಗೆ? ಕಂಬಕ್ಕೆ ಪೇಪರು ಕಟ್ಟಿ ನಂಬಿ ಹೋಗುವ ಜನ ನೀವು. ಮನುಷ್ಯನ ಕರುಣೆಯನ್ನೇ ಗಾಳಕ್ಕೆ ಸಿಕ್ಕಿಸಿ ಹಿಡಿಯುತ್ತೀರಲ್ಲ! ಲಂಚ ತೋರಿಸಿ ನೋಡಬೇಕಿತ್ತು, ಹೆದರಿಸಿ ನೋಡಬೇಕಿತ್ತು. ಈ ಮನುಷ್ಯ ಬಗ್ಗುತ್ತಿರಲಿಲ್ಲ."

"ಗೊತ್ತು," ಎಂದ ಮಾರ್ಟಿನ್. ದನಿ ಏರಿಸಲಿಲ್ಲ. "ಅದಕ್ಕೇ ಅಜ್ಜಿಯನ್ನು ಕಳಿಸಿದೆವು. ಬೆಳಕಿನ ಕಣಕ್ಕೆ ಯಾರೂ ಮೋಸ ಮಾಡಲಾರರು. ಕದಿಯಲು ಬರುವವನು ಕೋಣೆಯಲ್ಲಿರುವವನನ್ನೇ ಹುಡುಕುತ್ತಾನೆ, ಅವನಲ್ಲಿ ಒಳ್ಳೆಯದು ಏನಿದೆಯೋ ಅದನ್ನೇ ಹಿಡಿಯುತ್ತಾನೆ. ನೂರು ಕೋಣೆ ಕಟ್ಟಿದರೆ ನೂರು ಕಡೆ ನಮಗೆ ಇದೇ ಭಯ."

ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಗೌಡರು ಹೆಲ್ಗಾಳ ಕಡೆ ತಿರುಗಿದರು. "ಆ ಚೀಟಿ ಅಂಟ್ಸಿದ್ದು ಕಾಫಿ ಕುಡಿಯೋಕೆ ಮೊದ್ಲಾ, ಆಮೇಲಾ, ಕೇಳಿ ಮೇಡಂ."

ಕೇಳಿದೆ. ಆಕೆ ನೆಲ ನೋಡಿದಳು. "ಮೊದಲ ಲೋಟ ಆದ ಮೇಲೆ," ಎಂದಳು. "ಕಾಫಿ ತುಂಬ ಚೆನ್ನಾಗಿತ್ತು. ಚೀಟಿ ಅಂಟಿಸುವುದು ನನ್ನ ಕೆಲಸ."

"ಇವ್ರ ಕಡೆಯವ್ರು ಎಷ್ಟು ಜನ ಬಾಗಿಲು ತೆಗ್ದಿದ್ರಂತೆ?"

"ಯಾರೂ ಇಲ್ಲ," ಎಂದಳು ಹೆಲ್ಗಾ. ಕಳೆದ ಚಳಿಗಾಲದಲ್ಲಿ ಇದೇ ಬಾಗಿಲ ಮುಂದೆ ನಿಂತೂ ನಿಂತೂ ಜ್ವರ ಬಂದು ಮಲಗಿದ್ದಳಂತೆ. ಅದನ್ನು ಅವಳು ದೂರು ಹೇಳುವ ಹಾಗೆ ಹೇಳಲಿಲ್ಲ. ಮೇಲಿನವರಿಬ್ಬರೂ ತಲೆಯಾಡಿಸಿದರು, ಮೆಚ್ಚಿಕೆಯಿಂದ! ನಾನು ಕಣ್ಣಾರೆ ನೋಡಿದೆ.

ತೀರ್ಮಾನ ಆಗಿಹೋಗಿತ್ತು. ಕಳಸದ ನಿಲ್ದಾಣಕ್ಕೆ ಸ್ಥಳೀಯ ಪಾಲಕ ಬೇಡ. ಊರಿನವನಾದರೆ ಊರಿನವರ ಮುಖ ನೋಡುತ್ತಾನೆ. ದೂರದಿಂದ ಬಂದ, ಭಾಷೆ ಬಾರದ, ಯಾರ ಪರಿಚಯವೂ ಇಲ್ಲದ ಕಾವಲಿನವನು ಸಾಕು. ಗೋಡೌನು ಮಾತ್ರ ಗೌಡರದ್ದೇ ಇರಲಿ. ಬೆಂಗಳೂರಿನ ಅಧಿಕಾರಿ ಪರದೆಯೊಳಗಿಂದ "ಸರಿ, ಸರಿ" ಎಂದರು. ನಮ್ಮ ಪರವಾಗಿ ಆ ಮಹಾಶಯರ ಬಾಯಿಂದ ಒಂದು ಮಾತು ಬರಲಿಲ್ಲ.

ಆಗ ಗೌಡರು ಎದ್ದು ನಿಂತರು. "ಮೇಡಂ, ಸರಿಯಾಗಿ ಹೇಳಿ ಇವ್ರಿಗೆ. ತಪ್ಪು ನಂದೇ, ಒಪ್ತೀನಿ. ಬಾಗಿಲು ಇನ್ನು ತೆಗೆಯಲ್ಲ. ಆದ್ರೆ ಬಾಗಿಲ ಮುಂದೆ ಒಂದು ಜಗಲಿ ಹಾಕ್ಸಿ. ಮಾಡು ಒಂದಿಷ್ಟು ಮುಂದಕ್ಕೆ ಬರ್ಲಿ, ಕೂರೋಕೊಂದು ಕಟ್ಟೆ ಇರ್ಲಿ. ಬಂದೋರು ಅಲ್ಲಿ ಕೂರ್ತಾರೆ, ನಾನು ಒಳಗೆ ಬೀಗ ಹಾಕ್ಕೊಂಡು ಇರ್ತೀನಿ. ಇವ್ರ ಗುಟ್ಟೂ ಉಳಿಯುತ್ತೆ, ನನ್ನ ಮರ್ಯಾದೆನೂ ಉಳಿಯುತ್ತೆ."

ಹೇಳಿದೆ. ಎಷ್ಟು ಚೆಂದವಾಗಿ ಹೇಳಿದೆ ಎಂದರೆ ನನ್ನ ವಿದ್ಯಾರ್ಥಿಗಳು ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಮಾರ್ಟಿನ್ ನಿಜವಾಗಿಯೂ ಯೋಚನೆ ಮಾಡಿದ. ಅವನ ಮೇಲಿನವರಲ್ಲಿ ಒಬ್ಬಾಕೆ ಬೇಡ ಎಂದಳು. ನಿಲ್ದಾಣದ ಸುತ್ತ ಯಾವ ಆಸರೆಯೂ ಇರಕೂಡದಂತೆ. ಆಸರೆ ಇದ್ದರೆ ಜನ ನಿಲ್ಲುತ್ತಾರೆ, ನಿಂತವರ ನಡುವೆ ಕಳ್ಳನೂ ನಿಲ್ಲುತ್ತಾನೆ. ಆ ಸಿಮೆಂಟಿನ ಪೆಟ್ಟಿಗೆಗೆ ಸೂರು ಯಾಕಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಬೇಕೆಂದೇ ಕಟ್ಟಿರಲಿಲ್ಲ.

"ಹಂಗಾದ್ರೆ ಗೋಡೌನೂ ಇಲ್ಲ," ಎಂದರು ಗೌಡರು. "ನನ್ನ ಜಾಗದಲ್ಲಿ ಅಂಥ ಗೋಡೆ ಏಳೋದು ಬೇಡ."

ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ.

ವಾಪಸು

ವಿಮಾನದಲ್ಲಿ ಗೌಡರು ಊಟ ಮುಟ್ಟಲಿಲ್ಲ. "ಪೇಟೇಲಿ ಎಂತ ಹೇಳೋದು ಮೇಡಂ?" ಎಂದು ಒಂದೇ ಸಲ ಕೇಳಿದರು. ಆರೋಗ್ಯ ಕೆಟ್ಟಿತು ಎನ್ನಿ, ಯೋಜನೆಯವರೇ ಸರಿಯಿಲ್ಲ ಎನ್ನಿ, ಎಂದು ನಾನು ನೂರೆಂಟು ದಾರಿ ಹೇಳಿಕೊಟ್ಟೆ.

ಯಾವುದನ್ನೂ ಕೇಳಲಿಲ್ಲ. ಬಂದ ಮರುದಿನವೇ ಕಳಸದ ಹೋಟೆಲಿನಲ್ಲಿ ಎಲ್ಲರೆದುರು, "ನಾನು ಫೇಲಾದೆ. ಮಳೇಲಿ ನಿಂತ ಅಜ್ಜಿಗೆ ಬಾಗಿಲು ತೆಗ್ದೆ ಅಂತ ಫೇಲ್ ಮಾಡಿದ್ರು," ಎಂದರಂತೆ. ಅಡಿಕೆ ವ್ಯಾಪಾರದ ಶಿವಣ್ಣ, "ಸದ್ಯ! ಪಾಸಾಗಿದ್ರೆ ನಾವು ನಿಮ್ಮನೆ ಕಡೆ ತಲೆ ಹಾಕ್ತಿರ್ಲಿಲ್ಲ ಗೌಡ್ರೇ," ಎಂದನಂತೆ. ಇದನ್ನು ಗೌಡರೇ ಫೋನ್ ಮಾಡಿ ಹೇಳಿದರು. ನಗುತ್ತಲೇ ಹೇಳಿದರು, ಆದರೆ ದನಿ ಗಟ್ಟಿ ಇರಲಿಲ್ಲ.

ಕಳಸ, ಈ ಮಳೆಗಾಲ

ನಿಲ್ದಾಣ ಆಯಿತು. ಗೌಡರ ಗೋಡೌನಿನ ಎದುರಿಗೇ, ರಸ್ತೆಯ ಆಚೆ ಬದಿ ಖಾಲಿ ಬಿದ್ದಿದ್ದ ಸರ್ಕಾರಿ ಜಾಗದಲ್ಲಿ. ಅದೇ ಪೆಟ್ಟಿಗೆ, ಅದೇ ಬೋಳು ಗೋಡೆ. ನಮ್ಮ ಮಲೆನಾಡಿನಲ್ಲಿ ಸೂರಿಲ್ಲದ ಕಟ್ಟಡ! ಸಲಹೆಗಾರ್ತಿ ಎನ್ನುವ ಪಟ್ಟ ನನಗೆ ಇನ್ನೂ ಇದೆ. ಹೋಗಿ ನೋಡಿ ವರದಿ ಕಳಿಸಿ ಎಂದರು. ಮೊನ್ನೆ ಹೋದೆ.

ಮಳೆ ಎಂದರೆ ಎದುರಿನ ಬಸ್ಸು ಕಾಣದಂಥ ಮಳೆ. ನಿಲ್ದಾಣದ ಬಾಗಿಲಿಗೆ ಬೀಗ. ಕಾವಲಿನವನ ಪ್ಲಾಸ್ಟಿಕ್ ಕುರ್ಚಿ ಹೊರಗೆ ಮಗುಚಿ ಬಿದ್ದು ನೀರಿನಲ್ಲಿ ತೇಲುತ್ತಿತ್ತು. ಕಾವಲಿನವನು ಇಲ್ಲ. ಸುತ್ತ ಎರಡು ಸಲ ಹುಡುಕಿದೆ. ಒಂದು ನರಪಿಳ್ಳೆ ಇಲ್ಲ. ಇಡೀ ಲೈನಿನ ಕೀಲಿ ಬಯಲಾಗುವ ಕೋಣೆಯನ್ನು ನಾಯಿಯೂ ಕಾಯುತ್ತಿರಲಿಲ್ಲ. ಬೈದುಕೊಳ್ಳುತ್ತ, ಯಾರಿಗಾದರೂ ಗೊತ್ತಿರಬಹುದೆಂದು ರಸ್ತೆ ದಾಟಿ ಗೌಡರ ಗೋಡೌನಿಗೆ ಹೋದೆ.

ಬಾಗಿಲು ಹಾರುಹೊಡೆದಿತ್ತು. ಒಳಗೆ ಕಾಫಿ ಮೂಟೆಗಳ ಮೇಲೆ ಖಾಕಿ ಅಂಗಿಯ ನಡುವಯಸ್ಸಿನ ಒಬ್ಬ ಕೂತಿದ್ದ. ಹೆಗಲಿಗೆ ಗೌಡರ ಕಂಬಳಿ, ಕೈಯಲ್ಲಿ ಲೋಟ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ.

"ಕೂತ್ಕೋ, ಕೂತ್ಕೋ," ಎಂದರು ಗೌಡರು ಅವನಿಗೆ. ಆಮೇಲೆ ನನಗೆ, "ಇವ್ನು ರಘುನಾಥ ಅಂತ, ಒಡಿಶಾದೋನು. ಕಾವಲಿಗೆ ಹಾಕಿದ್ದಾರೆ. ಆದ್ರೆ ಒಳಗೆ ಹೋಗೋಕೆ ಇವ್ನಿಗೂ ಕಾರ್ಡ್ ಕೊಟ್ಟಿಲ್ಲ ಮೇಡಂ. ಮೊದಲ್ನೇ ದಿನ ಬೆಳಗಿಂದ ಗೋಡೆಗೆ ಒರಗಿ ನಿಂತಿದ್ದ. ನಾನು ಇಲ್ಲಿಂದ ನೋಡ್ದೆ."

"ಕರೆದ್ರಾ?"

"ಮತ್ತೆ?"

"ಗೌಡ್ರೇ, ಅಲ್ಲಿ ಯಾರೂ ಇಲ್ಲ! ನಾನೀಗ ವರದಿ ಬರೀಬೇಕು!" ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. ಬರೆದರೆ ರಘುನಾಥನ ಕೆಲಸ ಹೋಗುತ್ತದೆ, ಇನ್ನೊಬ್ಬನನ್ನು ಇನ್ನೂ ದೂರದಿಂದ ತಂದು ಅದೇ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ, ಗೌಡರು ಅವನನ್ನೂ ಕರೆಯುತ್ತಾರೆ.

"ಬರೀರಿ," ಎಂದರು ಗೌಡರು, ಫ್ಲಾಸ್ಕಿನ ಮುಚ್ಚಳ ತಿರುವುತ್ತ. "ಮೊದ್ಲು ತಲೆ ಒರೆಸ್ಕೊಳ್ಳಿ."